ಮೂರು ಆಕರಪಟ್ಟಿ, ಒಂದು ಬಿಳಿ ಅಂಗಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ, ಬೇಕಾದಾಗ ಹುಡುಕುವ ಕೆಲಸವಿಲ್ಲ. ಆದರೆ ಆ ಶನಿವಾರ ಬೆಳಿಗ್ಗೆ ನನ್ನ ಗಂಡ ನಗುನಗುತ್ತಾ ತಂದು ಮೇಜಿನ ಮೇಲೆ ಇಟ್ಟ ಕಾಗದದ ಕಟ್ಟನ್ನು ನೀವು ನೋಡಿದ್ದರೆ, ಮೂಗೇ ಇಲ್ಲದವರಿಗೂ ಕೋಪ ಬರುತ್ತಿತ್ತು.

ಅದು ನಮ್ಮ ಅತ್ತೆಯ ಸಂಶೋಧನಾ ಪ್ರಬಂಧ. ಅತ್ತೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ನಿವೃತ್ತಿ ಹತ್ತಿರ ಬಂದಾಗ ಬೇರೆಯವರು ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಇವರು ಯಾರಿಗೂ ಹೇಳದೆ ಕೇಳದೆ ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರೇಟಿಗೆ ಹೆಸರು ಬರೆಸಿ ಬಂದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಅದು ನಡೆದದ್ದು. ಈಗ ನೋಂದಣಿಯ ಅವಧಿ ಮುಗಿದು, ಒಂದು ಸಲ ವಿಸ್ತರಣೆಯಾಗಿ, ಅದೂ ಮುಗಿಯುತ್ತಿತ್ತು. ಸೋಮವಾರ ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಇಷ್ಟು ವರ್ಷದ ಓದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಪ್ರಬಂಧದ ವಿಷಯ ಒಂದು ಬಣ್ಣ. ಒಂದು ಬಗೆಯ ಮರದ ಚಕ್ಕೆ ಕುದಿಸಿದರೆ ಬರುವ ಕೆಂಪು. ಹಳೆಯ ದಾಖಲೆಗಳಲ್ಲಿ ಹಳದಿ ಬಟ್ಟೆ ಮಾಡುವವರು ಬೇರೆ, ಕೆಂಪು ಬಟ್ಟೆ ಮಾಡುವವರು ಬೇರೆ ಎಂದು ಬರೆದಿದೆಯಂತೆ. ಅತ್ತೆ ಹೇಳುವುದೇನೆಂದರೆ, ಬೇರೆ ಏನೂ ಇಲ್ಲ, ಎರಡೂ ಒಂದೇ ಹಂಡೆಯಿಂದ ಬಂದದ್ದು. ಹುಳಿ ಸೋಕಿದರೆ ಹಳದಿ, ಕ್ಷಾರ ಸೋಕಿದರೆ ಕೆಂಪು. ಇದನ್ನು ಸಾಧಿಸಲು ಇತಿಹಾಸವೂ ಬೇಕು, ರಸಾಯನಶಾಸ್ತ್ರವೂ ಬೇಕು. ಹಾಗಾಗಿ ಪ್ರಬಂಧಕ್ಕೆ ಎರಡು ಭಾಗ, ಎರಡು ವಿಭಾಗ, ಇಬ್ಬರು ಮಾರ್ಗದರ್ಶಕರು.

ಇತಿಹಾಸದ ಮೇಷ್ಟ್ರಿಗೆ ಪುಟದ ಕೆಳಗೆ ಅಡಿಟಿಪ್ಪಣಿ ಬೇಕು. ಬರೆದವರ ಪೂರ್ತಿ ಹೆಸರು, ಪುಸ್ತಕದ ಹೆಸರು, ಅಚ್ಚಾದ ಊರು, ಪ್ರಕಾಶಕರು, ವರ್ಷ, ಪುಟ, ಒಂದೂ ಬಿಡುವ ಹಾಗಿಲ್ಲ. ಹೆಣ್ಣು ನೋಡಲು ಬಂದವರ ಹಾಗೆ ಎಲ್ಲವನ್ನೂ ವಿಚಾರಿಸುತ್ತಾರೆ. ರಸಾಯನದ ಮೇಡಂಗೆ ಅದೆಲ್ಲ ಕಸ. ಅವರಿಗೆ ಚೌಕ ಕಂಸದಲ್ಲಿ ಒಂದು ಸಂಖ್ಯೆ ಸಾಕು. ಪಟ್ಟಿಯಲ್ಲಿ ಹೆಸರನ್ನು ಒಂದೊಂದು ಅಕ್ಷರಕ್ಕೆ ಕತ್ತರಿಸಿ, ಪತ್ರಿಕೆಯ ಹೆಸರನ್ನೂ ಮೊಟಕು ಮಾಡಿ, ಸಂಪುಟ, ಪುಟ, ಮುಗಿಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತು ಯಾರು, ಕೋಣ ಯಾರು ಎಂದು ನಾನು ಬಾಯಿ ಬಿಡುವುದಿಲ್ಲ. ಇಬ್ಬರ ಸಹಿಯೂ ಬೇಕಿತ್ತು.

ನಾನು ಮುದ್ರಣಾಲಯದಲ್ಲಿ ಪುಟ ಜೋಡಿಸುವವಳು. ಕಂಪ್ಯೂಟರಿನ ಒಂದೇ ಕಡತದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಶೈಲಿ, ಭಾಗದ ಕೊನೆಗೆ ಅದರದೇ ಆಕರಪಟ್ಟಿ, ಒಂದರ ಗಾಳಿ ಇನ್ನೊಂದಕ್ಕೆ ಸೋಕದ ಹಾಗೆ ಕಟ್ಟಿಕೊಟ್ಟಿದ್ದೆ. ಮೊದಲ ಸಲ ಸಂಖ್ಯೆಗಳು ಇತಿಹಾಸದಿಂದ ರಸಾಯನಕ್ಕೆ ಹರಿದುಹೋಗಿ, "ಹೀಗೆ ಕುದಿಸಿದರೆ ಬಣ್ಣ ಗಟ್ಟಿಯಾಗುತ್ತದೆ" ಎಂಬ ವಾಕ್ಯಕ್ಕೆ ಆಧಾರವಾಗಿ ದನದ ಸಂತೆಯ ಸುಂಕದ ಪುಸ್ತಕ ಬಂದು ಕೂತಿತ್ತು. ಅದನ್ನೆಲ್ಲ ಸರಿಪಡಿಸುವಷ್ಟರಲ್ಲಿ ನನ್ನ ತಲೆ ಚಿತ್ರಾನ್ನವಾಗಿತ್ತು.

ಇವೆರಡು ಸಾಲದು ಎಂದು ಅತ್ತೆ ಮೂರನೆಯದೊಂದು ಪಟ್ಟಿಯನ್ನು ತಾವೇ ಒಂದು ಬೆರಳಲ್ಲಿ ಕುಟ್ಟಿ ಸೇರಿಸಿದ್ದರು: ಬಾಯಿಮಾತಿನ ಆಕರಗಳು. ಬಣ್ಣ ಹಾಕುವವರು, ಬಟ್ಟೆ ಒಗೆಯುವವರು, ಹೀಗೆ ಅವರು ಹೋಗಿ ಮಾತಾಡಿಸಿದ ಜನ. ನಾನು ಅದರ ತಲೆಬರಹಕ್ಕೆ ದಪ್ಪ ಅಕ್ಷರ ಕೊಟ್ಟು ಮುಂದೆ ಹೋಗಿದ್ದೆ. ಪುಟ ಜೋಡಿಸುವವರು ಓದುವುದಿಲ್ಲ, ನೋಡುತ್ತಾರೆ ಅಷ್ಟೇ. ಆದರೆ ಮೇಡಂ ಅದನ್ನು ಓದಿ ಕೆಂಪು ಗೆರೆ ಎಳೆದು, ಒಂದು ಚೀಟಿ ಅಂಟಿಸಿ ಕಳಿಸಿದ್ದರು: "ಪರಿಶೀಲಿಸಲು ಆಗದ ಆಕರ ಆಕರವಲ್ಲ. ಇದನ್ನು ತೆಗೆದರೆ ಸಹಿ." ಅತ್ತೆ ಆ ಚೀಟಿ ಓದಿ "ನೋಡೋಣ" ಅಂದಿದ್ದರು. ನಮ್ಮ ಅತ್ತೆ "ನೋಡೋಣ" ಅಂದರೆ "ಆಗಲ್ಲ" ಅಂತ ಅರ್ಥ.

ಹೀಗಿರುವಾಗ ನನ್ನ ಗಂಡ. ಅವರು ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುತ್ತಾರೆ. ಅಲ್ಲಿ ಒಂದು ಡಬ್ಬಿ ಅಡ್ಡಾದಿಡ್ಡಿ ಇದ್ದರೆ ಅವರಿಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಚಪ್ಪಲಿಗಳೂ ಉದ್ದದ ಕ್ರಮದಲ್ಲಿ ನಿಂತಿರುತ್ತವೆ. ಆ ಬೆಳಿಗ್ಗೆ ಕಟ್ಟನ್ನು ಮೇಜಿನ ಮೇಲಿಟ್ಟು, ಕೈ ಹಿಂದೆ ಕಟ್ಟಿ ನಿಂತರು.

"ಅಮ್ಮನಿಗೆ ನನ್ನ ಕಡೆಯಿಂದ ಉಡುಗೊರೆ. ನೋಡು."

ನಾನು ಕೊನೆಯ ಪುಟಗಳನ್ನು ತಿರುವಿದೆ. ಒಂದೇ ಒಂದು ಆಕರಪಟ್ಟಿ. ಅ-ದಿಂದ ಳ-ವರೆಗೆ, ದಂಡಿನಲ್ಲಿ ನಿಲ್ಲಿಸಿದ ಹಾಗೆ. ಪುಟದ ಕೆಳಗಿನ ಅಡಿಟಿಪ್ಪಣಿ ಇಲ್ಲ, ಚೌಕ ಕಂಸದ ಸಂಖ್ಯೆ ಇಲ್ಲ, ಎಲ್ಲ ಕಡೆ ಒಂದೇ ಥರ ಹೆಸರು, ವರ್ಷ.

"ರೀ, ಏನ್ ಮಾಡಿದ್ದೀರಿ ಇದು?"

"ಮೂರು ಪಟ್ಟಿ ಮೂರು ಥರ ಇತ್ತು. ಒಂದ್ರಲ್ಲಿ ವರ್ಷ ಮುಂದೆ, ಇನ್ನೊಂದ್ರಲ್ಲಿ ಹಿಂದೆ. ನೋಡೋಕೇ ಆಗ್ತಿರಲಿಲ್ಲ. ಎಲ್ಲಾ ಸೇರಿಸಿ ಒಂದು ಮಾಡಿದೆ. ಆಮೇಲೆ ಯಾರೂ ಅಲ್ಲಾಡಿಸಬಾರದು ಅಂತ ನೀನು ಕಟ್ಟಿದ್ದ ಕೊಂಡಿ ಎಲ್ಲಾ ಕಿತ್ತು ಪೂರ್ತಿ ಗಟ್ಟಿ ಮಾಡಿಟ್ಟೆ."

"ಹಳೇ ಕಡತ?"

"ಅಳಿಸಿದೆ. ಒಂದೇ ಹೆಸರಿನವು ಎರಡಿದ್ರೆ ಗೊಂದಲ ಅಲ್ವಾ? ಕಸದ ಬುಟ್ಟೀನೂ ಖಾಲಿ ಮಾಡಿದೆ. ಮೇಡಂ ಗೆರೆ ಎಳೆದಿದ್ದ ಹಳೇ ಪ್ರತೀನೂ ರದ್ದಿಗೆ ಹಾಕಿದೆ."

ಗಣೇಶನ ಮಾಡು ಅಂದರೆ ಅವರಪ್ಪನ ಮಾಡಿದರು ಅನ್ನುತ್ತಾರೆ. ಇವರಿಗೆ ಮಾಡು ಅಂತ ಹೇಳಿದವರೇ ಇರಲಿಲ್ಲ. ನಾನು ಏನೇನು ಅಂದೆನೋ ಗೊತ್ತಿಲ್ಲ, ಕೆಳಗಿನ ಮನೆಯವರು ಕಿಟಕಿ ಹಾಕಿಕೊಂಡ ಸದ್ದು ಮಾತ್ರ ಕೇಳಿಸಿತು. ಗಂಡನ ಮುಖ ಸೋರಿದ ಬಲೂನಿನಂತಾಯಿತು. ಪಾಪ ಎಂದು ಅನ್ನಿಸಿತು, ಆದರೆ ಆಮೇಲೆ.

ಅತ್ತೆ ಬಂದರು. ಕನ್ನಡಕ ಏರಿಸಿ ಪುಟ ಪುಟವಾಗಿ ನೋಡಿದರು. ಅಳುತ್ತಾರೆ ಎಂದುಕೊಂಡೆ. ಅವರು ಮಗನ ಬೆನ್ನು ತಟ್ಟಿ, "ಚೆನ್ನಾಗಿ ಜೋಡಿಸಿದ್ದೀಯಪ್ಪಾ. ಸ್ಕೂಲಲ್ಲೂ ಹಿಂಗೇ, ಕೇಳಿದ್ದು ಬಿಟ್ಟು ಬೇರೆಲ್ಲಾ ಬರೀತಿದ್ದೆ" ಅಂದರು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕೂತರು. "ನೀನು ಕುಟ್ಟು. ನಾನು ಹೇಳ್ತೀನಿ."

"ಅತ್ತೆ, ಇನ್ನೂರು ಚಿಲ್ಲರೆ ಆಕರ ಇದೆ. ಎರಡು ದಿನ ಇದೆ."

"ಇನ್ನೂರು ಜನರ ಮದುವೆ ಊಟ ಒಂದೇ ಬೆಳಿಗ್ಗೆ ಮಾಡ್ತಾರಲ್ಲೇ. ಶುರು ಮಾಡು."

ಶುರು ಮಾಡಿದೆವು. ನನ್ನ ಗಂಡ ಗೋಡೆಯ ಕಪಾಟಿನಿಂದ ಪುಸ್ತಕ, ಪತ್ರಿಕೆಗಳನ್ನು ತೆಗೆದು ತೆಗೆದು ಮೇಜಿಗೆ ತರುವ ಕೆಲಸಕ್ಕೆ ನಿಂತರು. ತರುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದು ಒಪ್ಪಬೇಕು. ಅತ್ತೆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಪುಸ್ತಕ ಮುಂದಿರುತ್ತಿತ್ತು. ಅತ್ತೆಯೋ ಒಬ್ಬೊಬ್ಬ ಲೇಖಕರನ್ನೂ ನೆಂಟರ ಹಾಗೆ ಪರಿಚಯಿಸುತ್ತಿದ್ದರು.

"ಇವರು ಇತಿಹಾಸ. ಪೂರ್ತಿ ಹೆಸರು ಹಾಕು, ಇಲ್ಲದಿದ್ರೆ ಮೇಷ್ಟ್ರಿಗೆ ಬೇಜಾರು. ಎರಡನೇ ಸಲ ಬಂದ್ರೆ 'ಅದೇ' ಅಂತ ಹಾಕು ಸಾಕು. ಇವರು ನಂಬರ್ ಪಾರ್ಟಿ, ಹೆಸರು ಕತ್ತರಿಸು. ಇವಳಿದ್ದಾಳಲ್ಲ, ಇವಳು ಎರಡೂ ಕಡೆ. ತವರಲ್ಲಿ ಪೂರ್ತಿ ಹೆಸರು, ಗಂಡನ ಮನೇಲಿ ನಂಬರು."

"ಎರಡು ಸಲ ಬಂದ್ರೆ ಯಂತ್ರ ಒಂದನ್ನ ನುಂಗುತ್ತೆ ಅತ್ತೆ."

"ನುಂಗೋಕೆ ಬಿಡಬೇಡ. ಹೆಣ್ಣುಮಕ್ಕಳು ಎರಡೂ ಮನೇಲಿ ಇರಬೇಕು."

ಹೀಗೆ ಹೇಳಿ ತಾವೇ ನಗುತ್ತಿದ್ದರು. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತು ಪಕ್ಕಪಕ್ಕ ಕೂತು ನಾವಿಬ್ಬರೂ ಎಂದೂ ಕೆಲಸ ಮಾಡಿರಲಿಲ್ಲ. ಅತ್ತೆಗೆ ನನ್ನ ಮಾತು ಕಿವಿಗೇ ಬೀಳುವುದಿಲ್ಲ ಎಂಬುದು ನನ್ನ ಹಳೆಯ ದೂರು. ಮದುವೆಯಾಗಿ ಬಂದ ಹೊಸದರಲ್ಲೇ ಅದು ಖಚಿತವಾಗಿತ್ತು. ಶಾಲೆಯ ಮಕ್ಕಳಿಗೆ ತೋರಿಸಲು ಅತ್ತೆ ಯಾವುದೋ ಚಕ್ಕೆ ಕುದಿಸಿ ಬಕೆಟಿನಲ್ಲಿ ಬಟ್ಟೆ ನೆನೆಹಾಕಿದ್ದರು. ನಾನು ಕೆಲಸಕ್ಕೆ ಹಾಕಿಕೊಂಡು ಹೋಗುವ ಒಂದೇ ಒಂದು ಬಿಳಿ ಅಂಗಿ ಅದಕ್ಕೆ ಬಿದ್ದು ಕೆಂಪಾಯಿತು. ಕಲೆ ಹೋಗಲಿ ಎಂದು ನಿಂಬೆಹಣ್ಣು ಹಿಂಡಿದರೆ ಹಳದಿಯಾಯಿತು. ಸೋಪು ತಿಕ್ಕಿದರೆ ಮತ್ತೆ ಕೆಂಪು, ಉಳಿದ ನಿಂಬೆರಸ ಹಿಂಡಿದರೆ ಮತ್ತೆ ಹಳದಿ! ಹಿತ್ತಿಲ ನಲ್ಲಿಯ ಹತ್ತಿರ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತೆ ಒಂದು ಮಾತಿಗೂ ಉತ್ತರ ಕೊಡಲಿಲ್ಲ. ನಾನು ಬೈಯುತ್ತಿರುವಾಗಲೇ ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅದನ್ನೇ ನೋಡುತ್ತಾ ಒಳಗೆ ಹೋದರು. ಅಂಗಿ ತಿರುಗಿ ಬರಲಿಲ್ಲ. ಆ ಸಿಟ್ಟು ನನ್ನೊಳಗೆ ಅಂದಿನಿಂದಲೂ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇತಿಹಾಸ ಮುಗಿದು ರಸಾಯನವೂ ದಡ ಸೇರಿತು. ಸಂಖ್ಯೆಗಳು ಸಾಲಾಗಿ ನಿಂತವು, ಯಾವುದೂ ಸುಂಕದ ಪುಸ್ತಕಕ್ಕೆ ಹೋಗಿ ಬೀಳಲಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾನು ಬೆರಳು ಮುರಿಯುತ್ತಾ ಎದ್ದೆ.

"ಕೂತ್ಕೋ," ಅಂದರು ಅತ್ತೆ. "ಮೂರನೇದು."

"ಅತ್ತೆ, ಮೂರನೇದು ಹೋಯ್ತಲ್ಲ, ಒಳ್ಳೇದೇ ಆಯ್ತು ಬಿಡಿ. ಮೇಡಂ ಬೇಡ ಅಂದಿದ್ದಾರೆ."

ನನ್ನ ಗಂಡ ಮೆಲ್ಲಗೆ ಬಾಯಿ ಹಾಕಿದರು. "ಅವಕ್ಕೆ ಪ್ರಕಾಶಕರೂ ಇರಲಿಲ್ಲ, ಪುಟಾನೂ ಇರಲಿಲ್ಲ ಅಮ್ಮಾ. ಯಂತ್ರ ಒಪ್ಪಲಿಲ್ಲ. ಅದಕ್ಕೇ ತೆಗೆದೆ."

"ಯಂತ್ರ ಒಪ್ಪದಿದ್ರೆ ಬೇಡ. ನನಗೆ ಹೇಳಿದವರು ಅವರು. ಹೇಳಿಸ್ಕೊಂಡು, ಬರಕೊಂಡು, ಕೊನೇಲಿ ಅವರ ಹೆಸರು ಬಿಟ್ರೆ ಅದು ಕಳ್ಳತನ."

"ಡಾಕ್ಟರೇಟ್ ಹೋಗುತ್ತೆ ಅತ್ತೆ!" ನನ್ನ ದನಿ ಏರಿತು. "ಒಂದು ಪುಟದ ಪಟ್ಟಿಗೋಸ್ಕರ! ಇಷ್ಟು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ್ದು ಯಾಕೆ ಹಾಗಾದ್ರೆ?"

"ಹೋದ್ರೆ ಹೋಗಲಿ. ಬರಕೋ."

ಹಲ್ಲು ಕಚ್ಚಿ ಕೂತೆ. ಅತ್ತೆ ಕಣ್ಣು ಮುಚ್ಚಿ ಹೇಳತೊಡಗಿದರು, ನಾನು ಸಿಟ್ಟಿನಲ್ಲೇ ಕುಟ್ಟತೊಡಗಿದೆ. ಯಾರು, ಅವರ ಕಸುಬು, ಎಲ್ಲಿ ಕೂತು ಆಡಿದ ಮಾತು, ಏನು ಹೇಳಿದರು, ಇಷ್ಟು.

"ಆಕರ ಒಂದು. ಸೊಸೆ. ಪುಟ ಜೋಡಿಸುವವಳು. ಹಿತ್ತಿಲ ನಲ್ಲಿಯ ಬಳಿ ಆಡಿದ ಮಾತು. 'ನಿಮ್ಮ ಬಣ್ಣಾನೂ ನಿಮ್ಮ ಹಾಗೇ ಅತ್ತೆ! ಹುಳಿ ಬಿದ್ರೆ ಒಂದು ಮುಖ, ಸೋಪು ಬಿದ್ರೆ ಇನ್ನೊಂದು ಮುಖ! ಇದು ಎರಡು ಬಣ್ಣ ಅಲ್ಲ, ಒಂದೇ ಬಣ್ಣದ ಎರಡು ನಾಟಕ!'"

ನಾನು "ನಾಟಕ"ದವರೆಗೂ ಕುಟ್ಟಿಬಿಟ್ಟಿದ್ದೆ. ಆಮೇಲೆ ಕೈ ನಿಂತಿತು.

"ಅತ್ತೆ, ಇದು..."

"ನೀನೇ. ಐದನೇ ಅಧ್ಯಾಯದ ಮೊದಲನೇ ಸಾಲಿಗೆ ಹಾಕು. ಅಲ್ಲಿಂದಲೇ ಎಲ್ಲಾ ಶುರುವಾಗಿದ್ದು. ಅಲ್ಲೀವರೆಗೂ ನಾನೂ ಎರಡು ಬಣ್ಣ ಅಂತಲೇ ಮಕ್ಕಳಿಗೆ ಪಾಠ ಮಾಡ್ತಿದ್ದೆ." ಅತ್ತೆ ಕಣ್ಣು ತೆರೆದರು. "ಅವತ್ತು ಯಾಕೆ ಬಾಯಿ ಬಿಡಲಿಲ್ಲ ಅಂದ್ರೆ, ಬಿಟ್ಟರೆ ನೀನು ಹೇಳಿದ್ದು ಮರೆತುಹೋಗುತ್ತೆ ಅಂತ. ಒಳಗೆ ಹೋಗಿ ಬರಕೊಂಡೆ. ಮಾರನೇ ವಾರ ವಿಶ್ವವಿದ್ಯಾಲಯಕ್ಕೆ ಹೋದೆ."

ಇಷ್ಟು ವರ್ಷ ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ ಎಂದು ತಿಳಿದಿದ್ದೆನಲ್ಲ! ನಾನೇ ಮರೆತಿದ್ದ ಬೈಗುಳವನ್ನು ಒಂದು ಅಕ್ಷರ ತಪ್ಪದೆ ಇಟ್ಟುಕೊಂಡಿದ್ದರು. ನನಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿಕೊಂಡಿತು. ಗಂಡ ನೀರು ತಂದರು. ಲೋಟದ ಹಿಡಿ ಸರಿಯಾಗಿ ನನ್ನ ಬಲಗಡೆಗೆ ತಿರುಗಿಸಿ ಇಟ್ಟರು.

"ನಾಳೆ ಮೇಡಂ ಹತ್ರ ನಾನೂ ಬರ್ತೀನಿ," ಅಂದೆ.

"ಜಗಳ ಮಾಡಬಾರದು."

"ನೋಡೋಣ," ಅಂದೆ ನಾನು.

ಸೋಮವಾರ ಇತಿಹಾಸದ ಮೇಷ್ಟ್ರು ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಸವರಿ ನೋಡಿದರು, "ಅದೇ" ಎಂದಿದ್ದಲ್ಲಿ ನಿಜವಾಗಿ ಅದೇ ಪುಸ್ತಕವೇ ಎಂದು ಪುಟ ಹಿಂದಕ್ಕೆ ತಿರುಗಿಸಿ ಖಾತ್ರಿ ಮಾಡಿಕೊಂಡರು, ಮೂರನೆಯ ಪಟ್ಟಿ ಓದಿ ಮೀಸೆಯಲ್ಲೇ ನಕ್ಕು ಸಹಿ ಹಾಕಿದರು. ಅವರಿಗೆ ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಚೇರಿ ಬಾಗಿಲು ಹಾಕಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ನಾನು ಕಟ್ಟು ಹಿಡಿದು ಮುಂದೆ, ಅತ್ತೆ ಹಿಂದೆ, ಮೆಟ್ಟಿಲು ಹತ್ತಿ ರಸಾಯನ ವಿಭಾಗಕ್ಕೆ ಹೋದೆವು.

ಮೇಡಂ ಕೋಣೆಯಲ್ಲಿ ಗಾಜಿನ ಸೀಸೆಗಳು, ಒಂದು ಉಕ್ಕಿನ ಕಪಾಟು, ಒಂದು ಮೇಜು. ಮೇಡಂ ತೆಳ್ಳಗೆ, ಖಡಕ್ಕಾಗಿ, ಮಾತನ್ನೂ ಮೊಟಕು ಮಾಡಿ ಆಡುವವರು. ಎರಡನೆಯ ಭಾಗ ನೋಡಿದರು, ತಲೆಯಾಡಿಸಿದರು. ಪುಟ ತಿರುಗಿಸಿದರು. ಪೆನ್ನು ಕೆಳಗಿಟ್ಟರು.

"ಇದು ಮತ್ತೆ ಬಂದಿದೆ."

"ಹೌದು ಮೇಡಂ," ಅಂದರು ಅತ್ತೆ.

"ಪರಿಶೀಲನೆಗೆ ಸಿಗದ ಆಕರ ಪಟ್ಟಿಯಲ್ಲಿ ಇರೋ ಹಾಗಿಲ್ಲ. ನಾನು ಹೇಳಿದ್ದೆ. 'ಸೊಸೆ, ಹಿತ್ತಿಲ ನಲ್ಲಿ.' ಇದನ್ನ ಪರೀಕ್ಷಕರು ಎಲ್ಲಿ ಹೋಗಿ ಹುಡುಕಬೇಕು? ಯಾವ ಗ್ರಂಥಾಲಯದಲ್ಲಿ?"

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ.

"ಹುಡುಕೋದು ಯಾಕೆ ಮೇಡಂ? ಇಲ್ಲೇ ಇದ್ದೀನಲ್ಲ. ಆಕರ ಸಂಖ್ಯೆ ಒಂದು, ನಾನೇ. ಪುಸ್ತಕ ಆದ್ರೆ ಪುಟ ತಿರುಗಿಸಬೇಕು, ನನ್ನನ್ನ ಕೇಳಿದ್ರೆ ಸಾಕು. ಕೇಳಿ, ಅದೇನು ಪರಿಶೀಲನೆ ಮಾಡ್ತೀರೋ ಮಾಡಿ."

ಅತ್ತೆ ಹಿಂದಿನಿಂದ ನನ್ನ ಭುಜ ಚಿವುಟಿದರು. ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ಪೆನ್ನು ಮತ್ತೆ ಎತ್ತಿಕೊಂಡರು.

"ಯಾವ ಬಟ್ಟೆ?"

"ಬಿಳಿ ಹತ್ತಿ ಅಂಗಿ. ನನ್ನ ಹತ್ರ ಇದ್ದಿದ್ದೇ ಅದೊಂದು. ಹಾಳು ಮಾಡಿದ್ರು."

"ಯಾವ ಹುಳಿ? ಎಷ್ಟು?"

"ಅರ್ಧ ನಿಂಬೆಹಣ್ಣು. ಇನ್ನರ್ಧ ಒಣಗಿ ಕೊರಡಾಗಿತ್ತು."

"ಅಂಗಿಯ ಯಾವ ಭಾಗಕ್ಕೆ?"

"ಎಡಗಡೆ ತೋಳಿಗೆ, ಮಣಿಕಟ್ಟಿನ ಗುಂಡಿ ಹತ್ರ. ಆ ಗುಂಡಿ ಕಿತ್ತುಹೋಗಿ ನಾನೇ ಹೊಲಿದಿದ್ದೆ. ಬಿಳಿ ದಾರ ಸಿಗದೆ ನೀಲಿ ದಾರದಲ್ಲಿ. ಅಡ್ಡಡ್ಡ ಎರಡು ಹೊಲಿಗೆ, ಉದ್ದ ಒಂದು."

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಎದ್ದು ಹೋಗಿ ಉಕ್ಕಿನ ಕಪಾಟು ತೆರೆದರು. ಕೆಳಗಿನ ಅರೆಯಿಂದ ಒಂದು ಕಂದು ಲಕೋಟೆ ತಂದು, ಬಿಳಿ ಕೈಗವಸು ಹಾಕಿಕೊಂಡು, ಒಳಗಿದ್ದದ್ದನ್ನು ಮೇಜಿನ ಮೇಲೆ ಹರಡಿದರು. ಒಂದು ತೋಳು. ಎಡತೋಳು. ಮೇಲೆ ಕೆಂಪು, ಮಣಿಕಟ್ಟಿನ ಹತ್ತಿರ ಹಳದಿ. ಗುಂಡಿಗೆ ನೀಲಿ ದಾರ, ಅಡ್ಡ ಎರಡು, ಉದ್ದ ಒಂದು.

"ನನ್ನ ಅಂಗಿ!" ಎಂದು ಕೂಗಿಬಿಟ್ಟೆ.

ಮೇಡಂ ತೋಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಬಿಗಿ ತುಟಿ ಒಂದು ಕಡೆ ಸಡಿಲವಾಯಿತು. "ಮಾದರಿ ಒಂದು. ಇಷ್ಟು ವರ್ಷದಿಂದ ಇದರ ಎಳೆ ತೆಗೆದು ತೆಗೆದು ಪರೀಕ್ಷೆ ಮಾಡ್ತಿದ್ದೀವಿ. ಈ ನೀಲಿ ದಾರ ಯಾಕೆ ಅಂತ ಒಂದು ಇಡೀ ವರ್ಷ ತಲೆ ಕೆಡಿಸಿಕೊಂಡಿದ್ದೆ. ಅದರ ಬಣ್ಣಾನೂ ಪರೀಕ್ಷಿಸಿ ವರದಿ ಬರೆದಿದ್ದೀನಿ."

"ಬಿಳಿ ದಾರ ಸಿಗಲಿಲ್ಲ ಮೇಡಂ, ಅಷ್ಟೇ."

ಮೇಡಂ ಜೋರಾಗಿ ನಕ್ಕರು. ಅವರು ನಗಬಲ್ಲರು ಎಂದು ಆ ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲವೇನೋ, ಬಾಗಿಲಲ್ಲಿ ಇಬ್ಬರು ಇಣುಕಿದರು. ನಗುತ್ತಲೇ ಮೂರನೆಯ ಪಟ್ಟಿಯ ಅಂಚಿನಲ್ಲಿ "ಪರಿಶೀಲಿಸಿದೆ" ಎಂದು ಬರೆದು, ಮೊದಲ ಪುಟ ತೆಗೆದು ಸಹಿ ಹಾಕಿದರು. ಮೊಟಕು ಮಾಡದೆ, ಪೂರ್ತಿ ಹೆಸರು ಬರೆದು.

"ಮಿಕ್ಕವರೂ ಹೀಗೇ ಸಿಗ್ತಾರಾ?" ಎಂದು ಅತ್ತೆಯನ್ನು ಕೇಳಿದರು.

"ಎಲ್ಲರೂ ಸಿಗ್ತಾರೆ. ಇಷ್ಟು ಬೈಯಲ್ಲ, ಅಷ್ಟೇ," ಅಂದರು ಅತ್ತೆ.

"ಮೇಡಂ, ತೋಳು ಕೊಡಿ, ತಗೊಂಡು ಹೋಗ್ತೀನಿ," ಅಂದೆ.

"ಕೊಡೋ ಹಾಗಿಲ್ಲ," ಅಂದರು, ಲಕೋಟೆ ಒಳಗಿಟ್ಟು ಬೀಗ ಹಾಕುತ್ತಾ. "ಅದು ಆಕರ."

ಕಚೇರಿಯ ಗುಮಾಸ್ತರು ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದರು. ನಾನು ಓಡಿ ಹೋಗಿ ಕಾಲು ಅಡ್ಡ ಇಟ್ಟೆ. ಅವರು ಗೊಣಗುತ್ತಾ ಕಟ್ಟು ತೆಗೆದುಕೊಂಡು, "ಒಂದು ಪ್ರಬಂಧಕ್ಕೆ ಮೂರು ಪಟ್ಟಿ ಯಾಕ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಹರು ಒತ್ತಿದರು. ಆ ಠಪ್ ಎಂಬ ಸದ್ದಿಗೆ ಅತ್ತೆ ಕಣ್ಣೊರೆಸಿಕೊಂಡರು. ಎರಡು ದಿನದಲ್ಲಿ ಮೊದಲ ಸಲ.

ಹೊರಗೆ ನನ್ನ ಗಂಡ ನಿಂತಿದ್ದರು. ಕಾಯುತ್ತಾ ಬೇಜಾರಾಗಿ, ಅಲ್ಲಿದ್ದ ಅಪರಿಚಿತರ ಸೈಕಲ್ಲುಗಳನ್ನೆಲ್ಲ ಒಂದೇ ಸಾಲಿಗೆ ನಿಲ್ಲಿಸಿಟ್ಟಿದ್ದರು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ಅಲ್ಲೇ ಕುಣಿದುಬಿಟ್ಟರು; ಒಂದು ಸೈಕಲ್ಲು ಬಿತ್ತು, ಅದರ ಹಿಂದೆ ಸಾಲುಸಾಲಾಗಿ ಎಲ್ಲವೂ ಬಿದ್ದವು. ಅವರು ಅವನ್ನು ನೋಡಲೂ ಇಲ್ಲ, ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡರು.

ಮನೆಯ ದಾರಿಯಲ್ಲಿ ನನಗೆ ನೆನಪಾಯಿತು. "ಅತ್ತೆ, ತೋಳು ಅಲ್ಲಿದೆ. ಮಿಕ್ಕ ಅಂಗಿ ಎಲ್ಲಿ?"

ಅತ್ತೆ ರಸ್ತೆಯ ಆ ಕಡೆ ನೋಡಿದರು. "ಅಡುಗೆಮನೇಲಿ."

"ಅಡುಗೆಮನೇಲಿ ಎಲ್ಲಿ?"

"ಮೇಜು ಒರೆಸೋ ಬಟ್ಟೆ ಇದೆಯಲ್ಲ. ದಿನಾ ಒರೆಸ್ತೀಯಲ್ಲ. ಎಷ್ಟು ವರ್ಷ ಬಾಳಿಕೆ ಬಂತು ನೋಡು, ಒಳ್ಳೇ ಹತ್ತಿ."

ನಾನು ನಡುರಸ್ತೆಯಲ್ಲಿ ನಿಂತು ಬಾಯಿ ತೆರೆದೆ. ಅತ್ತೆ ಕೈಚೀಲದಿಂದ ಥಟ್ಟನೆ ಪೆನ್ನು ತೆಗೆದು, ಒಂದು ಚೀಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ ಕಾದು ನಿಂತರು.

"ಹೇಳು, ಹೇಳು," ಅಂದರು. "ಬರಕೋತೀನಿ."